ಜೊತೆಗೆ ಬಂದವರ ಕುರ್ಚಿ

ನಮ್ಮ ಕಡೆ ರೋಗಿ ಒಬ್ಬನೇ ಡಾಕ್ಟರ ಹತ್ತಿರ ಹೋಗುವುದಿಲ್ಲ. ಜೊತೆಗೆ ಮನೆಯವರೊಬ್ಬರು ಇರಬೇಕು, ಮಾತಾಡುವವರೂ ಅವರೇ. ನನಗೆ ಹತ್ತು ವರ್ಷವಿದ್ದಾಗ ಚಳಿಜ್ವರ ಬಂದಿತ್ತು. ಅಣ್ಣ ರುದ್ರಪ್ಪ ನನ್ನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಕಟಕೋಳದಿಂದ ರಾಮದುರ್ಗದ ದವಾಖಾನೆಗೆ ಕರೆದೊಯ್ದ. ಡಾಕ್ಟರು ಹಿಡಿದದ್ದು ನನ್ನ ನಾಡಿ, ನೋಡಿದ್ದು ಅಣ್ಣನ ಮುಖ. ಎಲ್ಲಿ ನೋವು ಎಂದು ಅವನನ್ನೇ ಕೇಳಿದರು. ಅಣ್ಣ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಇಲ್ಲಿ ಎಂದ. ಡಾಕ್ಟರು ತಲೆಯಾಡಿಸಿ ಔಷಧ ಕೊಟ್ಟರು. ನಾನು ವಾಸಿಯಾದೆ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಮುಂದಿನ ಹದಿನಾಲ್ಕು ವರ್ಷ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಎಪ್ಪತ್ತರ ದಶಕದ ನಡುವೆ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ. ನಾನು ಅಲ್ಲಿ ಎರೆ ಮಣ್ಣಿನ ಬಗ್ಗೆ ಓದಲು ಹೋಗಿದ್ದೆ. ಹತ್ತಿ ಬೆಳೆಯುವ ನಮ್ಮ ಕಪ್ಪು ನೆಲದ ಬಗ್ಗೆ ತಿಳಿಯಲು, ಹತ್ತಿಯ ಗಿಡವನ್ನೇ ಕಾಣದ ದೇಶಕ್ಕೆ ಯಾಕೆ ಹೋಗಬೇಕು ಎಂದು ಊರಿನ ಜನ ನಗುತ್ತಿದ್ದರು. ಅವರು ನಕ್ಕಷ್ಟೂ ನನ್ನ ಹಟ ಹೆಚ್ಚಾಯಿತು. ಚಿಕ್ಕಂದಿನಿಂದ ನಾನು ಹಟಮಾರಿ. ಈ ಕಥನದಲ್ಲಿ ನಾನು ಬದುಕಿ ಉಳಿದದ್ದಕ್ಕೆ ಆ ದುರ್ಗುಣವೂ ಒಂದು ಕಾರಣ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡನೆಯ ವರ್ಷದ ಚಳಿಗಾಲ ಶುರುವಾಗುವಾಗ ಹೊಟ್ಟೆಯಲ್ಲಿ ಉರಿ ಹತ್ತಿತು. ಆಮೇಲೆ ನಿದ್ದೆ ಹೋಯಿತು. ಆಮೇಲೆ ಪ್ರಯೋಗಾಲಯದಲ್ಲಿ ಮಣ್ಣು ತೂಗುವಾಗ ಕೈ ನಡುಗಿ, ತಕ್ಕಡಿಯ ಬಟ್ಟಲಿನಲ್ಲಿದ್ದುದು ಮೇಜಿನ ಮೇಲೆ ಚೆಲ್ಲತೊಡಗಿತು. ಓದಿದ ಸಾಲನ್ನೇ ಮತ್ತೆ ಓದುತ್ತ ಕೂರುತ್ತಿದ್ದೆ. ಊರಿಗೆ ಮಾತ್ರ ಎಲ್ಲ ಕ್ಷೇಮ ಎಂದೇ ಕಾಗದ ಬರೆಯುತ್ತಿದ್ದೆ. ಅಲ್ಲಿಯ ಡಾಕ್ಟರು ಹೊಟ್ಟೆಯನ್ನು ಒತ್ತಿ, ತಟ್ಟಿ, ರಕ್ತ ತೆಗೆದು ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸುವ ಕೌನ್ಸೆಲರ್ ಒಬ್ಬರಿದ್ದಾರೆ, ಅವರನ್ನು ನೋಡು ಎಂದು ಚೀಟಿ ಬರೆದರು.

ಹಾಗೆಂದರೆ ನಮ್ಮ ಊರಿನ ಹಿರಿಯರ ಹಾಗೆ ಇರಬೇಕು ಎಂದುಕೊಂಡೆ. ಕಷ್ಟವನ್ನು ಅವರ ಮುಂದಿಟ್ಟರೆ, ಎಲ್ಲ ಕೇಳಿ, ಸ್ವಲ್ಪ ಬೈದು, ಹೀಗೆ ಮಾಡು ಎಂದು ತೀರ್ಮಾನ ಹೇಳುತ್ತಾರೆ. ಬಹಳ ಸಮಾಧಾನವಾಯಿತು. ನನಗೆ ಬೇಕಾದದ್ದೂ ಅದೇ. ಇರಲೋ, ಊರಿಗೆ ಹೋಗಲೋ ಎಂಬುದನ್ನು ದೊಡ್ಡವರು ಯಾರಾದರೂ ಹೇಳಿದರೆ ಸಾಕಾಗಿತ್ತು.

ಇನ್ನು ಜೊತೆಗೊಬ್ಬರು ಬೇಕಲ್ಲ. ಅಣ್ಣ ಕಟಕೋಳದಲ್ಲಿದ್ದ. ಪಕ್ಕದ ಕೋಣೆಯ ಒಸ್ಮಾನನನ್ನು ಕೇಳಿದೆ. ಅವನು ಸುಡಾನ್ ದೇಶದವನು, ಅವನ ಊರಿನಲ್ಲೂ ಕಪ್ಪು ನೆಲ, ಅಲ್ಲೂ ಹತ್ತಿ. ಅವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ, ಯಾಕೆಂದರೆ ಅವನ ಕಡೆಯೂ ರೋಗಿ ಒಬ್ಬನೇ ಹೋಗುವ ಪದ್ಧತಿ ಇರಲಿಲ್ಲ. ನನ್ನ ತೊಂದರೆಗಳನ್ನೆಲ್ಲ ಅವನು ಒಂದು ಹಾಳೆಯಲ್ಲಿ ಬರೆದುಕೊಂಡ. ಬುಧವಾರ ಬೆಳಿಗ್ಗೆ ಟೈ ಕಟ್ಟಿಕೊಂಡು ಮದುಮಗನ ಕಡೆಯವರಂತೆ ನನಗಿಂತ ಮುಂದೆ ನಡೆದ.

ಕೌನ್ಸೆಲರ್ ನನ್ನ ಅವ್ವನಿಗಿಂತ ಹಿರಿಯರಾಗಿ ಕಂಡ ಒಬ್ಬ ಹೆಂಗಸು. ಸಣ್ಣ ಕೋಣೆ, ಎದುರುಬದುರು ಎರಡು ಕುರ್ಚಿ. ಕೈ ಕುಲುಕಿ ತಮ್ಮ ಹೆಸರು ಹೇಳಿ, ಹೆಸರು ಹಿಡಿದೇ ಕರೆಯಬೇಕೆಂದರು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆದರೆ ನನ್ನ ನಾಲಿಗೆ ಬಿದ್ದುಹೋಗುತ್ತಿತ್ತು. ನಾನು ಮೇಡಂ ಎಂದೆ. ಅವರು ತಿದ್ದಿದರು. ನಾನು ಮತ್ತೆ ಮೇಡಂ ಎಂದೆ. ಹಟದಲ್ಲಿ ನಾನು ಅವರಿಗಿಂತ ಒಂದು ಕೈ ಮೇಲೆಂದು ಕೆಲವು ವಾರಗಳಲ್ಲಿ ಅವರಿಗೇ ತಿಳಿಯಿತು.

ಒಸ್ಮಾನ್ ಹಾಳೆ ಬಿಚ್ಚಿ ಓದಲು ಶುರುಮಾಡಿದ. ಮೇಡಂ ನಯವಾಗಿಯೇ ತಡೆದು, ನೀವು ದಯವಿಟ್ಟು ಹೊರಗೆ ಕಾಯಬೇಕು ಎಂದರು. ಇವನ ಪರವಾಗಿ ಹೇಳಲೆಂದೇ ಬಂದಿದ್ದೇನೆ ಎಂದು ಒಸ್ಮಾನ್ ಹೇಳಿದ. ಅವರೇ ಹೇಳಿಕೊಳ್ಳುತ್ತಾರೆ ಎಂದರು ಮೇಡಂ. ಒಸ್ಮಾನ್ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದ. ಬಾಗಿಲು ಮುಚ್ಚಿತು. ನನ್ನ ಬಾಯಿಯೂ ಮುಚ್ಚಿತು.

“ನಿಮಗೆ ಹೇಗನಿಸುತ್ತಿದೆ?” ಎಂದು ಕೇಳಿದರು.

ಹೊಟ್ಟೆ ಉರಿಯುತ್ತದೆ ಎಂದೆ. ಅವರು ಕಾದರು. ನಾನೂ ಕಾದೆ. ಅವರು ನನ್ನ ಮಾತಿಗೆ ಕಾಯುತ್ತಿದ್ದರು, ನಾನು ಅವರ ತೀರ್ಮಾನಕ್ಕೆ. ಐವತ್ತು ನಿಮಿಷ ಗಡಿಯಾರ ಒಂದೇ ಮಾತಾಡಿತು. ಕೊನೆಗೆ ಎದ್ದು ನಿಂತು, ಹಾಗಾದರೆ ನಾನು ಏನು ಮಾಡಬೇಕು ಎಂದು ಕೇಳಿದೆ. ಏನು ಮಾಡಬೇಕೆಂದು ನಿಮಗನಿಸುತ್ತದೆ ಎಂದು ಅವರು ನನ್ನನ್ನೇ ಕೇಳಿದರು. ಅದು ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ ಎಂಬ ಮಾತು ಗಂಟಲಿನ ತನಕ ಬಂತು. ಹಿರಿಯರಿಗೆ ಎದುರು ಮಾತಾಡಬಾರದೆಂದು ನುಂಗಿದೆ.

ಏನು ಕೊಟ್ಟರು ಎಂದು ಒಸ್ಮಾನ್ ಕೇಳಿದ. ಏನೂ ಇಲ್ಲ. ಏನು ಹೇಳಿದರು? ಏನೂ ಇಲ್ಲ. ಅವನು, ನಮ್ಮ ಊರಿನ ಅತ್ಯಂತ ದಡ್ಡ ವೈದ್ಯನೂ ಕೊನೆಗೆ ಯಾರ ಕಣ್ಣು ತಾಗಿದೆ ಎಂದಾದರೂ ಹೇಳುತ್ತಾನೆ ಎಂದ.

ಏಳು ಬುಧವಾರ ಹೋದೆ. ಇದೊಂದು ಪರೀಕ್ಷೆ, ಸರಿಯಾದ ಉತ್ತರ ಹೇಳಿದರೆ ಬಿಡುತ್ತಾರೆ ಎಂದು ನನಗೆ ಅನುಮಾನ ಬಂತು. ಏಳನೆಯ ಬುಧವಾರ, ಈಗ ಗುಣವಾಗಿದೆ ಎಂದು ಸುಳ್ಳು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ, ಆದರೂ ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಎಂಟನೆಯ ಬುಧವಾರ ನಾನು ಹೋಗಲಿಲ್ಲ. ಅದೇ ವಾರ, ಬದುಕುವುದೇ ಬೇಡ ಎಂಬ ಯೋಚನೆ ಮೊದಲ ಸಲ ಬಂತು. ಬಂದದ್ದು ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಇದನ್ನು ಈಗ ಬರೆಯುವಾಗಲೂ ಕೈ ಹಿಂದೆಗೆಯುತ್ತದೆ, ಆದರೆ ಬರೆಯದಿದ್ದರೆ ಉಳಿದ ಕಥೆಗೆ ಅರ್ಥವಿಲ್ಲ.

ನಾನು ಊಟಕ್ಕೆ ಹೋಗುವುದನ್ನು ಬಿಟ್ಟದ್ದು ಒಸ್ಮಾನನ ಕಣ್ಣಿಗೆ ಬಿತ್ತು. ಅವನು ತನ್ನ ಪುಸ್ತಕಗಳನ್ನು ತಂದು ಎರಡು ದಿನ ನನ್ನ ಕೋಣೆಯಲ್ಲೇ ಕೂತ. ಒಂದು ಮಾತೂ ಕೇಳಲಿಲ್ಲ. ಮೂರನೆಯ ದಿನ ಪ್ರೊಫೆಸರರ ಹತ್ತಿರ ಹೋಗಿ, ಇವನನ್ನು ಮನೆಗೆ ಕಳಿಸಿ ಎಂದು ಹೇಳಿಬಂದ. ನನಗೆ ರಜೆ ಸಿಕ್ಕಿತು. ಆಗಸ್ಟ್ ಮುಗಿಯುವುದರೊಳಗೆ, ತಿರುಗಿ ಬರುತ್ತೇನೋ ಇಲ್ಲವೋ ಎಂದು ನಾನೇ ಕಾಗದ ಬರೆದು ತಿಳಿಸಬೇಕು, ಬರೆಯದಿದ್ದರೆ ನನ್ನ ಜಾಗ ಹೋಗುತ್ತದೆ ಎಂದು ಪ್ರೊಫೆಸರರು ಎರಡೆರಡು ಸಲ ಹೇಳಿದರು.

ಮುಂಬಯಿಯಿಂದ ಬಂದ ಬಸ್ಸು ನನ್ನನ್ನು ಕಿತ್ತೂರಿನಲ್ಲಿ ಇಳಿಸಿತು. ಅಣ್ಣ ಬೆಳಗಿನಿಂದ ಹೆದ್ದಾರಿಯ ಬದಿಯಲ್ಲಿ ಕಾಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವನು ಅವನೇ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ, ಟ್ರಂಕನ್ನು ಹೆಗಲಿಗೇರಿಸಿದ. ಬೈಲಹೊಂಗಲದ ಬಸ್ಸಿನಲ್ಲಿ ಕೂತ ಮೇಲೆ, ಅಲ್ಲಿ ಯಾರಿಗೂ ತೋರಿಸಲಿಲ್ಲವೇ ಎಂದು ಕೇಳಿದ. ಮೇಡಂ ವಿಷಯ ಹೇಳಿದೆ.

“ಆಕಿ ಡಾಕ್ಟರೇನು?”

“ಅಲ್ಲ.”

“ಗುಳಿಗಿ ಕೊಟ್ಲೇನು? ಸೂಜಿ ಮಾಡಿದ್ಲೇನು?”

“ಇಲ್ಲ.”

“ಮತ್ತೇನ್ ಮಾಡಿದ್ಲು?”

“ನಿನಗ ಹೆಂಗ ಅನಸಾಕ ಹತ್ತೇತಿ ಅಂತಿದ್ಲು. ಒಸ್ಮಾನನ್ನ ಹೊರಗ ಕಳಿಸಿ ಬಾಗಲಾ ಹಾಕಿದ್ಲು.”

ಅಣ್ಣ ನನ್ನ ಕಡೆ ತಿರುಗಿ ಕೂತ. “ಜೋಡಿ ಬಂದವರನ್ನ ಹೊರಗ ಹಾಕ್ತಾರಂದ್ರ, ಅದ್ಯಾವ ದವಾಖಾನಿಲೇ ಅದು” ಎಂದ.

ಕಟಕೋಳದಲ್ಲಿ ನನಗೆ ಬೇಕಾಗಿದ್ದುದೆಲ್ಲ ಸಿಕ್ಕಿತು. ಅಂದರೆ ಸಲಹೆ. ಮನೆಯ ಮುಂದಿನ ಕಟ್ಟೆಗೆ ಬಂದು ಕೂತವರೆಲ್ಲ ಒಂದೊಂದು ಹೇಳಿದರು. ಮದುವೆ ಮಾಡಿ. ಮಜ್ಜಿಗೆ ಕುಡಿಸಿ. ಓದು ಹೆಚ್ಚಾಗಿ ತಲೆಗೆ ಉಷ್ಣ ಏರಿದೆ, ಪುಸ್ತಕ ಮುಟ್ಟಲು ಬಿಡಬೇಡಿ. ಅವ್ವ, ಯಾರದೋ ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆದು, ಸವದತ್ತಿಯ ಗುಡ್ಡದ ಎಲ್ಲಮ್ಮನಿಗೆ ಹರಕೆ ಹೊತ್ತಳು. ರಾಮದುರ್ಗದ ಡಾಕ್ಟರು ಹೊಟ್ಟೆಯ ಉರಿಗೆ ಬಾಟಲಿಯಲ್ಲಿ ಗುಲಾಬಿ ಬಣ್ಣದ ಔಷಧ ಕೊಟ್ಟರು. ಮೊದಲ ಹದಿನೈದು ದಿನ ನಿಜವಾಗಿಯೂ ಹಾಯೆನಿಸಿತು. ಯಾವುದನ್ನೂ ನಾನು ನಿರ್ಧರಿಸಬೇಕಾಗಿರಲಿಲ್ಲ. ಏಳು ಎಂದರೆ ಏಳುತ್ತಿದ್ದೆ, ಉಣ್ಣು ಎಂದರೆ ಉಣ್ಣುತ್ತಿದ್ದೆ.

ಆಮೇಲೆ ಉಸಿರು ಕಟ್ಟತೊಡಗಿತು. ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಿದ್ದರು, ಅದೂ ನನ್ನೆದುರೇ, ನಾನು ಅಲ್ಲಿಲ್ಲವೇನೋ ಎಂಬಂತೆ. ಅದರಲ್ಲಿ ಪ್ರೀತಿ ಇತ್ತು, ಅದನ್ನು ಅಲ್ಲ ಎನ್ನುವುದಿಲ್ಲ. ಆದರೆ ಆ ಕಪ್ಪು ಯೋಚನೆ ನನ್ನ ಒಳಗೇ ಇತ್ತು, ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಏಳು ಬುಧವಾರ ಯಾವ ಪ್ರಶ್ನೆಗೆ ಹಲ್ಲು ಕಡಿದಿದ್ದೆನೋ, ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾಯತೊಡಗಿದೆ. ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಕೈ ನಡುಕ ನಿಲ್ಲಲಿಲ್ಲ. ಧಾರವಾಡದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಯಾರೋ ಮೆಲ್ಲಗೆ ಅಂದರು. ನಮ್ಮ ಕಡೆ ಒಬ್ಬನನ್ನು ಧಾರವಾಡಕ್ಕೆ ಒಯ್ದರು ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು, ಅಲ್ಲಿರುವುದು ಹುಚ್ಚರ ಆಸ್ಪತ್ರೆ. ಮುಂದೆ ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಅವ್ವ ಅಳತೊಡಗಿದಳು. ಆಗ ಬೈಲಹೊಂಗಲದಲ್ಲಿದ್ದ ಅಕ್ಕ, ತಮ್ಮ ಊರಿನಲ್ಲಿ ಇಂಥ ಕಾಯಿಲೆ ಬಲ್ಲ ಡಾಕ್ಟರೊಬ್ಬರಿದ್ದಾರೆ, ಮಗಳ ಮನೆಗೆ ಬಂದ ಹಾಗೆ ಬನ್ನಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿ ಕಳಿಸಿದಳು.

ಮಳೆಗಾಲದ ಮೊದಲ ವಾರ ಹೋದೆವು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಅವ್ವ ಗುಡ್ಡದ ಕಡೆ ತಿರುಗಿ ಕೈ ಮುಗಿದಳು. ಡಾಕ್ಟರ ಕೋಣೆಗೆ ನಾವು ಐದು ಜನ ನುಗ್ಗಿದೆವು: ಅಣ್ಣ, ಅವ್ವ, ಅಕ್ಕ, ಅಕ್ಕನ ಗಂಡ, ಕೊನೆಗೆ ನಾನು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಡಾಕ್ಟರಿಗೆ ಅರವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ಕೂದಲು, ಮಾತು ಕಡಿಮೆ. ಅವರು ಅಣ್ಣನ ಮುಖ ನೋಡಿದರು. ಅಣ್ಣ ಶುರುಮಾಡಿದ. ಅವ್ವ ನಡುವೆ ಸೇರಿಸಿದಳು. ಅಕ್ಕ, ಸಣ್ಣವನಿದ್ದಾಗಲೂ ಇವನು ಹೀಗೇ ಎಂದಳು. ಅಕ್ಕನ ಗಂಡ ಇಂಗ್ಲೆಂಡಿನ ಹವೆಯ ಬಗ್ಗೆ ತನಗೆ ಗೊತ್ತಿದ್ದುದನ್ನು ಹೇಳಿದ, ಗೊತ್ತಿಲ್ಲದ್ದನ್ನೂ ಹೇಳಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಡಾಕ್ಟರು ಗುಳಿಗೆ ಬರೆದು, ಎರಡು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ, ಇವನನ್ನು ತಿರುಗಿ ಕಳಿಸುವ ವಿಚಾರ ಬಿಡಿ ಎಂದರು.

ಅದೇ ತೀರ್ಮಾನ. ನಾನು ಇಂಗ್ಲೆಂಡಿನಲ್ಲಿ ಕೂತು ಹಂಬಲಿಸಿದ್ದ, ದೊಡ್ಡವರ ಬಾಯಿಂದ ಬಂದ, ಸ್ಪಷ್ಟವಾದ ತೀರ್ಮಾನ. ಹೊರಗೆ ಬಂದು ಅಣ್ಣ, “ಆತು, ಚಿಂತಿ ಹೋತು” ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ನನಗೆ ಮಾತ್ರ ಕೆಂಡದಂಥ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಸಿಟ್ಟು ಅದು. ನಾನು ಗುಣವಾಗುತ್ತಿದ್ದೇನೆ ಎಂಬುದಕ್ಕೆ ಅದೇ ಮೊದಲ ಗುರುತೆಂದು ಆಗ ತಿಳಿಯಲಿಲ್ಲ.

ಗುಳಿಗೆ ಕೆಲಸ ಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ನಿದ್ದೆ ಬಂತು. ಕೈ ನಡುಕ ಕಡಿಮೆಯಾಯಿತು. ಬೆಳಿಗ್ಗೆ ಅಣ್ಣನ ಜೊತೆ ಹೊಲಕ್ಕೆ ಹೋಗಿ ಹೆಸರುಕಾಳಿನ ಸಾಲುಗಳಲ್ಲಿ ಕಳೆ ತೆಗೆಯುತ್ತಿದ್ದೆ. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತಿತ್ತು. ಒಂದು ದಿನ ಅಂಗಾಲಿನ ಮಣ್ಣನ್ನು ಕೆರೆದು ತೆಗೆಯುವಾಗ, ಇದರ ಬಗ್ಗೆ ಅರ್ಧ ಬರೆದಿಟ್ಟು ಬಂದ ಕೆಲಸ ನೆನಪಾಯಿತು. ಮುಗಿಸಬೇಕು ಎನಿಸಿತು. ಯಾರೂ ಹೇಳಿಕೊಟ್ಟದ್ದಲ್ಲ, ನನ್ನೊಳಗಿಂದಲೇ ಎದ್ದ ಆಸೆ. ಕಪ್ಪು ಯೋಚನೆ ಪೂರ್ತಿ ಹೋಗಿರಲಿಲ್ಲ, ಆದರೆ ಈಗ ಅದಕ್ಕೆ ಎದುರು ನಿಲ್ಲುವುದೊಂದು ಇತ್ತು.

ಆಗಸ್ಟ್ ಮುಗಿಯಲು ಒಂದು ವಾರವಿತ್ತು. ಡಾಕ್ಟರನ್ನು ಎರಡನೆಯ ಸಲ ನೋಡುವ ದಿನವೂ ಬಂತು. ಅವ್ವನ ಮೊಣಕಾಲು ಹಿಡಿದುಕೊಂಡಿತ್ತು, ಅಣ್ಣ ಮತ್ತು ನಾನು ಇಬ್ಬರೇ ಹೊರಟೆವು. ಡಾಕ್ಟರು ಕಳಿಸಬೇಡಿ ಎಂದಿರುವಾಗ ಅಣ್ಣ ನನ್ನನ್ನು ಕಳಿಸುವುದಿಲ್ಲ, ಅವನ ಮಾತು ಮೀರಿ ಹೋಗುವ ಧೈರ್ಯ ನನಗಿಲ್ಲ. ಹಾಗಾಗಿ ಡಾಕ್ಟರಿಗೆ ನಾನೇ ಹೇಳಬೇಕು, ಎಲ್ಲವನ್ನೂ. ಸವದತ್ತಿ ದಾಟಿದ ಮೇಲೆ ಬಸ್ಸಿನಲ್ಲಿ ಬಾಯಿ ಬಿಟ್ಟೆ.

“ಅಣ್ಣಾ, ಇವತ್ತ ಡಾಕ್ಟರ ಮುಂದ ನಾ ಮಾತಾಡತೇನಿ.”

“ಯಾಕ? ನಾ ಏನರೆ ತಪ್ಪ ಹೇಳಿದ್ನೇನು?”

“ತಪ್ಪಲ್ಲ. ನಿನಗ ಗೊತ್ತಿರಲಾರದ್ದು ಒಂದೈತಿ.”

ಅವನಿಗೆ ನೋವಾಯಿತು. ನನ್ನ ಮೈಯ ಒಂದು ಕೆಮ್ಮೂ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ ಎಂಬುದು ಅವನ ಹೆಮ್ಮೆಯಾಗಿತ್ತು. 

ದವಾಖಾನೆಯ ಪಡಸಾಲೆಯಲ್ಲಿ ಬೆಂಚಿನ ತುಂಬ ಜನ. ಕಾಲಿಗೆ ಬಟ್ಟೆ ಸುತ್ತಿಕೊಂಡ ಮುದುಕ, ಅವನ ನೋವನ್ನು ಪಕ್ಕದವರಿಗೆಲ್ಲ ವಿವರಿಸುತ್ತಿದ್ದ ಸೊಸೆ. ಕಣ್ಣು ಮುಚ್ಚಿ ಕೂತ ಬಸುರಿ, ಅವಳ ಪರವಾಗಿ ನಿಟ್ಟುಸಿರು ಬಿಡುತ್ತಿದ್ದ ಅತ್ತೆ. ಎರಡು ತಾಸು ಕಾದೆವು. ಯಾರೋ ಅಪರಿಚಿತ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ, ತನ್ನ ಗಂಟಿನಿಂದ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಆ ರೊಟ್ಟಿಯ ರುಚಿ ಇನ್ನೂ ನೆನಪಿದೆ.

ಕಂಪೌಂಡರ್ ನನ್ನ ಹೆಸರು ಕೂಗಿದ. ನಾನು ಎದ್ದೆ. ಅಣ್ಣ ಏಳಲಿಲ್ಲ.

“ನೀ ಹೋಗು. ನಾ ಇಲ್ಲೇ ಕುಂದರತೇನಿ” ಎಂದ. ಮೇಡಂ ಒಸ್ಮಾನನನ್ನು ಹೊರಗೆ ಕಳಿಸಿದ ಕಥೆಯನ್ನು ಅವನು ಮರೆತಿರಲಿಲ್ಲ. ನನಗೆ ಬೇಕಾದದ್ದು ಅದೇ ಎಂದು ತಿಳಿದು, ಅಭಿಮಾನ ನುಂಗಿಕೊಂಡು ಹೊರಗೆ ಕೂರಲು ಸಿದ್ಧನಾಗಿದ್ದ.

ಬಾಗಿಲ ಹತ್ತಿರ ಹೋದವನು ನಿಂತುಬಿಟ್ಟೆ. ಒಳಗೆ ಒಬ್ಬನೇ ಹೋದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಉರಿಯುತ್ತದೆ ಎನ್ನುತ್ತೇನೆ, ಆಮೇಲೆ ಗಡಿಯಾರದ ಸದ್ದು ಕೇಳುತ್ತ ಕೂರುತ್ತೇನೆ. ಅಣ್ಣ ಮಾತಾಡಿದರೂ ಆ ವಿಷಯ ಹೊರಬರುವುದಿಲ್ಲ, ಅಣ್ಣ ಇಲ್ಲದಿದ್ದರೂ ಬರುವುದಿಲ್ಲ. ಮೇಡಂ ಮಾಡಿದ ತಪ್ಪೂ, ನಮ್ಮ ಮನೆಯವರು ಮಾಡಿದ ತಪ್ಪೂ ಆ ಬಾಗಿಲ ಹೊಸ್ತಿಲಲ್ಲಿ ಒಟ್ಟಿಗೆ ಕಂಡವು. ತಿರುಗಿ ಬಂದೆ.

“ಅಣ್ಣಾ, ನೀನೂ ಬಾ. ಒಳಗ ಕುಂದ್ರು. ಆದ್ರ ಮಾತಾಡಬ್ಯಾಡ.”

“ಮಾತಾಡಲಾರದ ಕುಂತು ಏನ್ ಮಾಡ್ಲಿ?”

“ಸುಮ್ಮ ಕುಂದ್ರು. ನೀ ಇದ್ರ ನಾ ಹೇಳತೇನಿ.”

ಒಳಗೆ ಡಾಕ್ಟರು ಎಂದಿನಂತೆ ಅಣ್ಣನ ಮುಖ ನೋಡಿ, ಹೇಗಿದ್ದಾನೆ ಎಂದು ಕೇಳಿದರು. ಅಣ್ಣ ತನ್ನ ಕಾಲಬೆರಳು ನೋಡುತ್ತ ಕೂತ. ಅವರು ಮತ್ತೆ ಕೇಳಿದರು. ಅಣ್ಣ ಗದ್ದವನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಡಾಕ್ಟರು ಇಬ್ಬರನ್ನೂ ನೋಡಿ, ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡರು.

ನಿದ್ದೆ ಬರುತ್ತಿದೆ ಎಂದೆ. ಊಟ ಸೇರುತ್ತಿದೆ ಎಂದೆ. ಅಣ್ಣ ಟವೆಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಅದನ್ನೇ ನೋಡುತ್ತ ಹೇಳಿದೆ.

“ಬದುಕೂದ ಬ್ಯಾಡ ಅನಸ್ತಿತ್ರಿ. ಅಲ್ಲಿ ಇದ್ದಾಗಿಂದ. ಇಲ್ಲಿಗೆ ಬಂದ ಮ್ಯಾಲೂ.”

ಅಣ್ಣನ ಬೆರಳು ನಿಂತಿತು. ಅವನ ಬಾಯಿ ತೆರೆಯಿತು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನನ್ನ ಪರವಾಗಿ ಮಾತಾಡಿದ ಬಾಯಿ ಅದು. ಅವನು ಅದನ್ನು ಮುಚ್ಚಿಕೊಂಡ. ನನ್ನ ಬೆನ್ನ ಮೇಲೆ ಕೈಯಿಟ್ಟ, ತೆಗೆಯಲಿಲ್ಲ. ಅವನು ನನಗಾಗಿ ಮಾಡಿದ ಎಲ್ಲ ಕೆಲಸಗಳಲ್ಲಿ ಅತಿ ಕಷ್ಟದ್ದು ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಈಗಲೂ ಹಾಗನಿಸುತ್ತದೆಯೇ ಎಂದು ಕೇಳಿದರು. ದಿನವೂ ಇಲ್ಲ, ಎಂದಾದರೊಮ್ಮೆ ಬರುತ್ತದೆ, ಬಂದರೂ ಮೊದಲಿನಷ್ಟು ಗಟ್ಟಿಯಿಲ್ಲ ಎಂದೆ. ಇನ್ನೂ ಏನೇನೋ ಕೇಳಿದರು, ಎಲ್ಲಕ್ಕೂ ನಾನೇ ಉತ್ತರ ಹೇಳಿದೆ. ಕೊನೆಗೆ ಅವರು, “ಈಗ ಏನ್ ಮಾಡಬೇಕಂತಿ, ತಮ್ಮಾ?” ಎಂದರು.

ಮೇಡಂ ಕೇಳಿದ್ದೂ ಇದನ್ನೇ. ಅವರಿಗೆ ತಿಳಿಯದು ಎಂದು ನನ್ನನ್ನು ಕೇಳುತ್ತಿದ್ದಾರೆ ಎಂದು ಆಗ ಬೈದುಕೊಂಡಿದ್ದೆ. ನನ್ನೊಳಗೆ ಒಂದು ಉತ್ತರ ಇದೆ ಎಂದು ನನಗಿಂತ ಮೊದಲೇ ನಂಬಿದವರು ಅವರು ಎಂಬುದು ಆ ಕ್ಷಣಕ್ಕೆ ತಿಳಿಯಿತು.

“ವಾಪಸ್ ಹೋಗಿ ಮುಗಸಬೇಕಂತೇನಿ” ಎಂದೆ.

ಡಾಕ್ಟರು ಯೋಚಿಸಿದರು. ನೀನು ಹೇಳಿದ ವಿಷಯ ಸಣ್ಣದಲ್ಲ, ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡವನನ್ನು ಹೊರಗಿನ ಓಣಿಗೂ ಕಳಿಸಬಾರದು ಎಂದರು. ಹೇಳಬಲ್ಲವನಾದರೆ ಬೇರೆ ಮಾತು. ಗುಳಿಗೆ ತಪ್ಪಿಸಬಾರದು, ಇಂಥ ಯೋಚನೆ ಬಂದ ದಿನವೇ ಅಲ್ಲಿ ಯಾರಿಗಾದರೂ ಹೇಳಬೇಕು, ಹೊರಡುವ ಮುಂಚೆ ಮತ್ತೆರಡು ಸಲ ಬಂದು ತೋರಿಸಬೇಕು. ಆಮೇಲೆ ಅವರು ಅಣ್ಣನ ಕಡೆ ತಿರುಗಿದರು, ಅಭ್ಯಾಸಬಲ. ಅಣ್ಣ, “ಅಂವನ್ನ ಕೇಳ್ರಿ, ಸಾಹೇಬ್ರ” ಎಂದ.

ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಹೊತ್ತಿತ್ತು. ಚಹಾ ತಗೊಂಡು ಬೆಂಚಿನ ಮೇಲೆ ಕೂತೆವು. ಅಣ್ಣನ ಚಹಾ ಆರುತ್ತಿತ್ತು.

“ಜೋಡಿ ಇದ್ದೂ ನನಗ ಗೊತ್ತಾಗಲಿಲ್ಲಲೋ” ಎಂದ.

“ನಾ ಹೇಳಿರಲಿಲ್ಲಣ್ಣ.”

“ನಾ ಕೇಳಿರಲಿಲ್ಲ.”

ಅವನು ಕಣ್ಣು ಒರೆಸಿಕೊಳ್ಳುವ ತನಕ ನಾನು ಬೇರೆ ಕಡೆ ನೋಡಿದೆ. ಆಮೇಲೆ ಇಬ್ಬರೂ ಅಂಚೆ ಕಚೇರಿಗೆ ಹೋಗಿ ವಿದೇಶಕ್ಕೆ ಹಾಕುವ ಎರಡು ನೀಲಿ ಕಾಗದ ತಗೊಂಡೆವು. ಒಂದನ್ನು ಪ್ರೊಫೆಸರರಿಗೆ ಬರೆದೆ, ಬರುತ್ತೇನೆ ಎಂದು. ಇನ್ನೊಂದನ್ನು ಮೇಡಂಗೆ ಬರೆದೆ. ಏಳನೆಯ ಬುಧವಾರ ಹೇಳಿದ್ದು ಸುಳ್ಳು, ತಿರುಗಿ ಬಂದಾಗ ನಿಜ ಹೇಳುತ್ತೇನೆ ಎಂದಷ್ಟೇ ಬರೆದೆ. ಅಣ್ಣ ಪೆನ್ನು ಕಸಿದುಕೊಂಡು, ನನ್ನ ಇಂಗ್ಲಿಷಿನ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ ಕನ್ನಡದಲ್ಲಿ ಒಂದು ಸಾಲು ಬರೆದ. ಮೇಡಂಗೆ ಕನ್ನಡ ಬಾರದು ಎಂದು ಹೇಳಿದರೂ ಕೇಳಲಿಲ್ಲ. ಹಟ ನಮ್ಮ ಮನೆತನದ್ದು.

ಆ ಕಾಯಿಲೆ ನನ್ನನ್ನು ಪೂರ್ತಿ ಬಿಟ್ಟುಹೋಯಿತು ಎಂದು ಹೇಳಿದರೆ ಮತ್ತೆ ಸುಳ್ಳು ಹೇಳಿದಂತಾಗುತ್ತದೆ. ಓದು ಮುಗಿಸಿ ಊರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೂ ಎರಡು ಸಲ ಬಂತು. ಎರಡು ಸಲವೂ ಬಂದ ದಿನವೇ ಹೇಳಿದೆ. ಒಮ್ಮೆ ಅಣ್ಣನಿಗೆ, ಒಮ್ಮೆ ಹೆಂಡತಿಗೆ. ಅವರು ನನ್ನ ಜೊತೆ ಬಂದು ಸುಮ್ಮನೆ ಕೂತರು, ನಾನು ಮಾತಾಡಿದೆ, ಗುಳಿಗೆ ತಗೊಂಡೆ, ಎದ್ದೆ. ನಿಮ್ಮಲ್ಲೂ ಯಾರಾದರೂ ಬಾಯಿ ಕಟ್ಟಿ ಕೂತಿದ್ದರೆ, ಅವರ ಪರವಾಗಿ ಮಾತಾಡಬೇಡಿ, ಅವರನ್ನು ಒಬ್ಬರನ್ನೇ ಬಿಟ್ಟು ಏಳಲೂ ಬೇಡಿ. ನನಗೆ ಗೊತ್ತಿರುವುದು ಇಷ್ಟೇ.

ಆ ವರ್ಷದ ಅಕ್ಟೋಬರಿನ ಒಂದು ಬುಧವಾರ ಮತ್ತೆ ಮೇಡಂ ಕೋಣೆಗೆ ಹೋದೆ. ಒಸ್ಮಾನ್ ಟೈ ಕಟ್ಟಿಕೊಂಡೇ ಬಂದಿದ್ದ, ಆದರೆ ಈ ಸಲ ತಾನಾಗಿಯೇ ಹೊರಗೆ ನಿಂತ. ಮೇಡಂ ಮೇಜಿನಿಂದ ನನ್ನ ನೀಲಿ ಕಾಗದ ತೆಗೆದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಸೆಪ್ಟೆಂಬರಿನಿಂದ ಇದನ್ನು ಇಟ್ಟುಕೊಂಡಿದ್ದೇನೆ, ಓದಿಸಲು ಯಾರೂ ಸಿಗಲಿಲ್ಲ, ಏನಿದೆ ಇದರಲ್ಲಿ ಎಂದು ಕೇಳಿದರು.

ನನ್ನ ಅಣ್ಣ ಬರೆದದ್ದು ಎಂದೆ. ಓದಿ, ಇಂಗ್ಲಿಷಿನಲ್ಲಿ ಹೇಳಿದೆ.

“ಅಂವನ ಜೋಡಿ ಯಾರನ್ನರೆ ಕುಂದರಸರಿ. ಮಾತು ಅಂವನೇ ಆಡತಾನ.”

ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಬಾಗಿಲು ತೆರೆದು ಹೊರಗೆ ಹೋದರು. ಪಡಸಾಲೆಯ ಗೋಡೆಗೆ ಒರಗಿಸಿದ್ದ ಒಂದು ಕುರ್ಚಿಯನ್ನು ತಾವೇ ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟು, ಒಸ್ಮಾನನನ್ನು ಒಳಗೆ ಕರೆದರು. ಅವನು ಬಂದು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತ. ಅವರು ತಮ್ಮ ಜಾಗದಲ್ಲಿ ಕೂತು ನನ್ನ ಕಡೆ ತಿರುಗಿದರು. ಅವರು ಕೇಳುವ ಮೊದಲೇ ನಾನು ಹೇಳತೊಡಗಿದೆ.